ಅಡುಗೆಮನೆಯ ಮೇಲಿನ ಹಂಚು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಎರಡು ವಿಷಯ ಹೇಳಿದೆ. ಟೆಸ್ಟ್ ಮಾಡದೆಯೇ ‘ಪಾಸ್’ ಅಂತ ಟಿಕ್ ಹಾಕಿಬಿಡು, ಎಲ್ಲರೂ ಹಾಕ್ತಾರೆ ಎಂದು ನಿನ್ನ ಮೇಲಿನವರು ಹೇಳಿದ್ದು ಒಂದು. ಬೆಂಗಳೂರಿನ ಯುವಜನರ ಕೂಟದಲ್ಲಿ ‘ನಿನ್ನ ಬದುಕಿಗೆ ದೇವರ ಉದ್ದೇಶವೇನು’ ಎಂದು ಕೇಳಿದಾಗ ನಿನಗೆ ಉತ್ತರ ಹೊಳೆಯದಿದ್ದದ್ದು ಇನ್ನೊಂದು. “ಕಂಪ್ಯೂಟರ್ ಮುಂದೆ ಕೂತು ತಪ್ಪು ಹುಡುಕುವವಳು ನಾನು. ಅದರಲ್ಲಿ ಎಂಥ ಉದ್ದೇಶ ಪಪ್ಪಾ?” ಅಂದೆ. ನನಗೆ ಮಾತು ಬರಲಿಲ್ಲ. ಅಮ್ಮ ಪಕ್ಕದಲ್ಲೇ ಇದ್ದಳು, ಅದೂ ಒಂದು ಕಾರಣ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಇವತ್ತು ಬೆಳಿಗ್ಗೆ ಮಾಡು ಹತ್ತಿದ್ದೆ. (ಬೈಯಬೇಡ, ಪಕ್ಕದ ಮನೆ ಹುಡುಗ ಏಣಿ ಹಿಡಿದಿದ್ದ.) ಮಳೆಗೆ ಮೊದಲು ಒಡೆದ ಹಂಚು ಬದಲಾಯಿಸಬೇಕಲ್ಲ. ಅಡುಗೆಮನೆ ಮೇಲಿನ ಒಂದನ್ನು ತೆಗೆದು ತಿರುಗಿಸಿ ಮಸಿ ಒರೆಸಿದರೆ ಬಾಸೆಲ್ ಮಿಷನ್ ಹೆಸರು, ಜೊತೆಗೆ 1865. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಅಷ್ಟು ಹಳೆಯದಲ್ಲ. ಸಣ್ಣವಳಿದ್ದಾಗ ನೀನು ಅದನ್ನು ಅಜ್ಜಿ ಹುಟ್ಟಿದ ವರ್ಷ ಅಂದುಕೊಂಡಿದ್ದೆ, ನೆನಪಿದೆಯಾ?

ಸ್ವಿಟ್ಜರ್ಲೆಂಡಿನ ಆ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲಿಕ್ಕೆ. ಆದರೆ ಕ್ರೈಸ್ತರಾದ ಎಷ್ಟೋ ಜನರಿಗೆ ಮನೆ ಹೋಯಿತು, ಕುಲಕಸುಬೂ ಹೋಯಿತು. ಹೊಟ್ಟೆಗೆ ಏನು ಮಾಡುವುದು? ಹಾಗೆ ಪ್ರೆಸ್ ಬಂತು, ಮಗ್ಗ ಬಂತು, ಆಮೇಲೆ ಹಂಚು. ಹಂಚಿನ ಕೆಲಸ ಶುರು ಮಾಡಿದ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮೊದಲು ಪ್ರೆಸ್ ನೋಡಿಕೊಳ್ಳಲು ಬಂದವರು. ನೇತ್ರಾವತಿ ದಡದಲ್ಲಿ ಜೇಡಿಮಣ್ಣು ಹದ ಮಾಡುತ್ತಿದ್ದವನನ್ನು ಹಿಡಿದು ‘ನಿನ್ನ ಉದ್ದೇಶವೇನು’ ಅಂತ ಯಾರೂ ಕೇಳಿರಲಿಕ್ಕಿಲ್ಲ. ಕೆಳಗೆ ಮಲಗಿದವರ ಮೇಲೆ ನೀರು ಬೀಳಬಾರದು, ಅಷ್ಟೇ. ಯೇಸುಸ್ವಾಮಿಯೂ ಹೆಚ್ಚುಕಡಿಮೆ ಮೂವತ್ತು ವರ್ಷದ ತನಕ ಬಡಗಿಯೇ ಅಲ್ವಾ? ಆ ವರ್ಷಗಳ ಬಗ್ಗೆ ಸುವಾರ್ತೆಗಳಲ್ಲಿ ಜಾಸ್ತಿ ಏನಿಲ್ಲ. ಆತನು ಮಾಡಿದ ಬಾಗಿಲು ಸರಿಯಾಗಿ ಮುಚ್ಚುತ್ತಿತ್ತು ಅಂತ ನನ್ನ ನಂಬಿಕೆ.

ಈಗ ಆ ಟಿಕ್ ವಿಷಯ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಬಂದರಿನ ಹತ್ತಿರ ಒಂದು ಅಂಗಡಿಯಲ್ಲಿ ಹಂಚು ಎಣಿಸಿ ಕೊಡುವ ಕೆಲಸದಲ್ಲಿದ್ದೆ. ಒಳ್ಳೆಯ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ‘ಟಣ್’ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಸ್ವರ ಸತ್ತಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತರಲ್ಲಿ ಒಂದು ಅಂಥದ್ದು ಸೇರಿಸು, ಎಲ್ಲ ಕಡೆಯೂ ಹಾಗೇ ಎಂದರು ಧಣಿ. ಸೇರಿಸಿದೆ. ಕೈ ನಡುಗಲಿಲ್ಲ, ನಿದ್ದೆಯೂ ಬಂತು.

ನಮ್ಮ ಚರ್ಚಿನ ಸಭೆಯ ಒಬ್ಬ ಹೆಂಗಸು, ಗಂಡ ತೀರಿಹೋದವರು, ಬೀಡಿ ಕಟ್ಟಿ ದುಡ್ಡು ಕೂಡಿಸಿ ಮುನ್ನೂರು ಹಂಚು ಕೊಂಡರು. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಅಜ್ಜಿಯ ಹತ್ತಿರ, ಹೊಸ ಮಾಡು ಸೋರಿ ಬೀಡಿ ಎಲೆಯೆಲ್ಲ ಹಾಳಾಯಿತು ಎಂದು ಹೇಳಿಕೊಂಡರು. ಎಲ್ಲಿಂದ ತಂದ ಹಂಚು ಎಂದು ಅಜ್ಜಿ ಕೇಳಿದರು. “ನಿಮ್ಮ ಮಗ ಇರುವಲ್ಲಿಂದಲೇ. ಅವನೇನು ಮಾಡ್ತಾನೆ ಪಾಪ, ಒಳಗಿನ ಬಿರುಕು ಅವನಿಗೆ ಹೇಗೆ ಗೊತ್ತಾಗಬೇಕು?”

ನಾನು ಚಾ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

ಆ ತಿಂಗಳ ಸಂಬಳದಲ್ಲಿ ಮೂವತ್ತು ಹಂಚು ತಟ್ಟಿ ತಟ್ಟಿ ಆರಿಸಿದೆ. ಮಳೆ ಬಿಟ್ಟ ಒಂದು ದಿನ ಹೋಗಿ ನಾನೇ ಹಾಕಿಬಂದೆ. ಸೋರುವುದು ನಿಂತಿತು. ಆದರೆ ‘ಅಂಗಡಿಯವರು ಕಳಿಸಿದ್ದು’ ಅಂದೆ. ಅವರು ಗಂಜಿ, ಒಣಮೀನಿನ ಚಟ್ನಿ ಬಡಿಸಿದರು. ತಿಂದೆ. ಲೂಕನ ಸುವಾರ್ತೆಯಲ್ಲಿ ಸುಂಕ ವಸೂಲಿ ಮಾಡುವ ಜಕ್ಕಾಯ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದ. ನಾಲ್ಕರಷ್ಟು ಕೊಡುವುದು ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಬಾಯಿ ಬಿಟ್ಟು ಹೇಳುವುದೇ ಕಷ್ಟ ಅಂತ ನನಗೆ ಗೊತ್ತು. ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ನಿನ್ನ ದೃಢೀಕರಣದ ದಿನ, ನೀನು ಸಭೆಯ ಪೂರ್ಣ ಸದಸ್ಯೆಯಾದ ದಿನ, ಅವರು ನನ್ನ ಕೈಹಿಡಿದು, “ಮಗಳಿಗೆ ನಿನ್ನದೇ ಗುಣ” ಅಂದರು. ಅವತ್ತೂ ಹೇಳಲಿಲ್ಲ. ಅವರು ತೀರಿಹೋಗಿ ಐದು ವರ್ಷವಾಯಿತು.

ಅಮ್ಮನಿಗೂ ಇದು ಗೊತ್ತಿಲ್ಲ. ಅಂಚೆಗೆ ಹಾಕುವ ಮೊದಲು ಅವಳಿಗೂ ಓದಲು ಕೊಡುತ್ತೇನೆ.

ಹಾಗಾಗಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ ನೀನೇ ನೋಡು. ಟಿಕ್ ಹಾಕಬೇಡ. ಮೇಲಿನವರಿಗೆ ಬೈಬಲ್ ವಚನ ಹೇಳಲಿಕ್ಕೂ ಹೋಗಬೇಡ, ಅದು ಬೇರೆ ರಗಳೆ. ‘ಇದನ್ನು ನಾನಿನ್ನೂ ನೋಡಿಲ್ಲ, ಎರಡು ದಿನ ಬೇಕು’ ಅಂತ ಸುಮ್ನೆ ಒಂದು ಮೇಲ್ ಹಾಕು. ಈಗಾಗಲೇ ಟಿಕ್ ಹಾಕಿದ್ದರೆ ಅದನ್ನೇ ಹೇಳು, ನಾಳೆಯೇ ಹೇಳು. ಕೆಲಸ ಹೋಗಲಿಕ್ಕಿಲ್ಲ ಅಂತ ನಾನು ಸಮಾಧಾನ ಮಾಡುವುದಿಲ್ಲ. ಹೋಗಲೂಬಹುದು. ನಿನ್ನ ಸಾಲದ ಕಂತು ಆರು ತಿಂಗಳು ನಾನು ಕಟ್ಟಬಲ್ಲೆ, ಲೆಕ್ಕ ಹಾಕಿ ನೋಡಿದ್ದೇನೆ. ಇನ್ನು ಆ ಕೂಟದವರು ಮತ್ತೆ ಕೇಳಿದರೆ, ತಪ್ಪು ಹುಡುಕುತ್ತೇನೆ ಅಂತಲೇ ಹೇಳು.

ಶನಿವಾರದ ರಾತ್ರಿ ಬಸ್ಸಿನಲ್ಲಿ ಹಲಸಿನ ಉಪ್ಪುಸೊಳೆ ಕಳಿಸುತ್ತೇವೆ.

ನಿನ್ನ ಪಪ್ಪ

ಮರೆತಿದ್ದೆ: ಅಮ್ಮ ಓದಿದಳು. ಹಂಚಿನ ವಿಷಯ ನಮ್ಮ ಮದುವೆಯಾದ ವರ್ಷವೇ ಅಜ್ಜಿ ಅವಳಿಗೆ ಹೇಳಿದ್ದರಂತೆ.