ರಾತ್ರಿ ಹೊಗೆ ಹಾಕಿದರೆ ಹಗಲಿನ ಸೊಳ್ಳೆ ಸಾಯುತ್ತದೆಯೇ?

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡಿನ ನಮ್ಮ ಕಡೆಯ ಚಿಕೂನ್‌ಗುನ್ಯ ಬಗ್ಗೆ ಮೊನ್ನೆ ನೀವು ಹಾಕಿದ ವರದಿ ಓದಿದೆ. ವೈರಸ್ ರೂಪ ಬದಲಿಸಿರಬಹುದು, ಅದಕ್ಕೇ ಜ್ವರ ಹತೋಟಿಗೆ ಬರುತ್ತಿಲ್ಲ ಎಂದು ಅಧಿಕಾರಿಗಳು ಹೇಳಿದ್ದಾರಂತೆ. ಓದಿ ಸಿಟ್ಟು ಬಂತು. ಅದೇ ದಿನ ರಾತ್ರಿ ಎಂಟು ಗಂಟೆಗೆ, ಹನಿಮಳೆಯಲ್ಲಿ, ಹೊಗೆ ಬಿಡುವವರು ನಮ್ಮ ಅಂಗಳಕ್ಕೆ ಬಂದಿದ್ದರು. ಐದು ನಿಮಿಷ ಹೊಗೆ ಬಿಟ್ಟು, ಸಹಿ ಹಾಕಿಸಿಕೊಂಡು ಹೋದರು. ಒಳಗೆ ಮಲಗಿದ್ದ ಅಮ್ಮನಿಗೆ ಜ್ವರದ ಜೊತೆ ಕೆಮ್ಮೂ ಶುರುವಾಯಿತು. ಈ ಜ್ವರ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ ಅಲ್ವಾ?

ವೈರಸ್ ಬದಲಾಗುವುದು ಸುಳ್ಳೆಂದು ನಾನು ಹೇಳುವುದಿಲ್ಲ. ಚಿಕೂನ್‌ಗುನ್ಯ ಆರ್‌ಎನ್‌ಎ ವೈರಸ್. ಅದರ ವಂಶವಾಹಿ ಆರ್‌ಎನ್‌ಎ ಎಂಬ ಅಣುವಿನಲ್ಲಿ ಸುಮಾರು 12 ಸಾವಿರ ಅಕ್ಷರಗಳ ಬರಹದಂತಿದೆ. ಅದನ್ನು ನಕಲು ಮಾಡುವಾಗ ತಪ್ಪಾದರೆ ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. 2005-06ರಲ್ಲಿ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಅಂಥ ಒಂದೇ ಅಕ್ಷರದ ತಪ್ಪು ಉಳಿದುಕೊಂಡಿತು. ವೈರಸ್ಸಿನ ಹೊರಕವಚದ ಇ1 ಎಂಬ ಪ್ರೋಟೀನಿನ 226ನೇ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಎಂಬ ಇನ್ನೊಂದು ಬಂತು. ಅಷ್ಟರಿಂದಲೇ ಪಟ್ಟೆಯ ಟೈಗರ್ ಸೊಳ್ಳೆಯ ಹೊಟ್ಟೆಯಲ್ಲಿ ವೈರಸ್ಸಿಗೆ ಬೆಳೆಯುವುದು ಸಲೀಸಾಯಿತು. ಅಲ್ಲಿಯವರೆಗೆ ಅದು ಜಾಸ್ತಿ ನೆಚ್ಚಿಕೊಂಡಿದ್ದು ಪೇಟೆಯ ಈಡಿಸ್ ಈಜಿಪ್ಟಿ ಸೊಳ್ಳೆಯನ್ನು. ಟೈಗರ್ ಸೊಳ್ಳೆ ತೋಟದ್ದು, ನಮ್ಮದು.

ಆದರೆ ಇದು ನಿನ್ನೆಯ ಸುದ್ದಿಯಲ್ಲ. 2007ರಲ್ಲೇ ಕೇರಳದ ರೋಗಿಗಳಲ್ಲಿ ಈ ಬದಲಾವಣೆ ಸಿಕ್ಕಿತ್ತು. ಆ ವರ್ಷದ ಗಂಟುನೋವು ಇನ್ನೂ ನೆನಪಿದೆ. ಅಧಿಕಾರಿಗಳೇ, ಅಂದಿನಿಂದ ಇಂದಿನವರೆಗೆ ಏನು ಮಾಡಿದಿರಿ? ಪಕ್ಕದ ರಬ್ಬರ್ ತೋಟದಲ್ಲಿ ಮಳೆಗೆ ಟ್ಯಾಪಿಂಗ್ ನಿಂತಿದೆ. ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳೆಲ್ಲ ಬಾಯಿ ಮೇಲಾಗಿ ನೀರು ತುಂಬಿ ನಿಂತಿವೆ. ನಮ್ಮ ಅಡಿಕೆ ಹಾಳೆ, ಗೆರಟೆಗಳನ್ನು ನಾವು ಕವುಚಿ ಹಾಕುತ್ತೇವೆ, ಅವರ ಚಿಪ್ಪು ಕವುಚುವವರು ಯಾರು? ಹೊಗೆಗೆ ಹಾರುವ ಸೊಳ್ಳೆ ಸಾಯಬಹುದು, ನೀರಿನಲ್ಲಿರುವ ಮರಿ ಸಾಯುವುದಿಲ್ಲ. ಇದನ್ನು ಹೇಳಿದರೆ "ನಮಗೆ ಆರ್ಡರ್ ಇರುವುದು ಹೊಗೆಗೆ ಮಾತ್ರ" ಎಂಬ ಉತ್ತರ.

ಅಮ್ಮನಿಗೆ ಗಂಟು ಮಡಚಲು ಆಗುವುದಿಲ್ಲ. ಚಮಚ ಹಿಡಿಯಲೂ ಆಗುತ್ತಿಲ್ಲ. ಅಡಿಕೆಗೆ ಮದ್ದು ಬಿಡುವ ಸಮಯ, ಮದ್ದು ಬಿಡುವವನೂ ಜ್ವರದಲ್ಲಿ ಮಲಗಿದ್ದಾನೆ. ತಪಾಸಣೆಗೆ ಎರಡು ಬಸ್ ಬದಲಿಸಿ ಹೋದರೆ ರಕ್ತ ತೆಗೆಯುವವರು ರಜೆಯಲ್ಲಿದ್ದರು. ಕೊನೆಗೆ ಮಂಗಳೂರಿಗೇ ಹೋದೆವು. ಯಾವಾಗಲೂ ಹಾಗೇ ಅಲ್ವಾ? 2020ರಲ್ಲಿ ಕೊರೊನಾ ಲಾಕ್‌ಡೌನ್ ಹೊತ್ತಿಗೆ ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದು ಆ ದಾರಿಯನ್ನೂ ಮುಚ್ಚಿದ್ದರು. ಇಲ್ಲಿ ಸರಿಯಾದ ಆಸ್ಪತ್ರೆ ಬೇಕೆಂದು ಆಗಲೂ ಎಲ್ಲರೂ ಹೇಳಿದರು, ಆಮೇಲೆ ಮರೆತರು.

ಇನ್ನು ಈ ಜ್ವರದ ಬಗ್ಗೆ ಹಂಚಿದ ಕರಪತ್ರ. ಪೂರ್ತಿ ಮಲಯಾಳದಲ್ಲಿದೆ. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಇದು ಭಾಷಾ ಅಲ್ಪಸಂಖ್ಯಾತರ ಪ್ರದೇಶ, ಕನ್ನಡದಲ್ಲೂ ಕೊಡಬೇಕು ಎಂದು ಕೇಳಿ ಕೇಳಿ ನಮ್ಮ ಅಪ್ಪನ ಕಾಲವೇ ಮುಗಿಯಿತು. ರೇಷನ್ ಅಂಗಡಿಯಲ್ಲೂ ಇದೇ ಕಥೆ, ಕರೆಂಟ್ ಬಿಲ್ಲಿನಲ್ಲೂ ಇದೇ. ನೀರು ನಿಲ್ಲಬಾರದು ಎಂದು ಬರೆದಿದ್ದಾರೋ ಇಲ್ಲವೋ, ಓದಲಾಗದವರಿಗೆ ಹೇಗೆ ಗೊತ್ತಾಗಬೇಕು?

ಹೊಗೆ ಹಾಕುವುದಾದರೆ ಸೊಳ್ಳೆ ಹಾರುವ ಹೊತ್ತಿಗೆ ಹಾಕಲಿ. ಇಲ್ಲವೇ ಅದನ್ನು ಬಿಟ್ಟು ಚಿಪ್ಪು ಕವುಚಿಸಲಿ. ಸುಮ್ನೆ ವೈರಸ್ಸಿನ ಮೇಲೆ ತಪ್ಪು ಹಾಕಬೇಡಿ. ಯಾರಾದರೂ ಜವಾಬ್ದಾರಿ ಇರುವವರು ಒಮ್ಮೆ ಹಗಲು ಹೊತ್ತಿನಲ್ಲಿ ಈ ತೋಟಗಳಿಗೆ ಬಂದು ನೋಡಲಿ. ಕನ್ನಡ ಬರುವವರನ್ನೇ ಕಳಿಸಲಿ.

— ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ ಸಮೀಪ