ಆಮೇಲೇನಾಯ್ತು ಎಂದು ಕೇಳಿದ ಅಕ್ಕನಿಗೆ

ಅಮೆರಿಕದ ಹಾಸ್ಯ ಜೋಡಿ ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಆಲನ್ ದಾಂಪತ್ಯದ ಕಥೆಯನ್ನು ಕಳೆದ ಭಾನುವಾರ ಮೈಸೂರಿನ ಕಿರುರಂಗಮಂದಿರದಲ್ಲಿ ರಂಗವಾಚನ ಮಾಡಿದೆವು. ಇದು ಆಗುತ್ತದೆ ಎಂದು ಮಳೆಗಾಲದಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಡುವೆ ನಮ್ಮ ಮನೆಯಲ್ಲಿ ಏನೇನು ನಡೆಯಿತು ಎನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ನಮ್ಮ ಯಜಮಾನರು, ಇವರು, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಬೆಳಿಗ್ಗೆ ಗೇಟಿನವರೆಗೆ ನಡೆದು ಹೋಗಿ ಪೇಪರ್ ತರುತ್ತಾರೆ, ಸಾರಿಗೆ ಉಪ್ಪೇ ಇಲ್ಲ ಎಂದು ಮುಖ ಕಿವುಚುತ್ತಾರೆ. ಅಷ್ಟು ಸಾಕು ನನಗೆ.

ಜಾರ್ಜ್‌ನ ಪಾತ್ರ ಇವರೇ ಓದಬೇಕಿತ್ತು. ಅದನ್ನು ಕೊನೆ ಗಳಿಗೆಯಲ್ಲಿ ಕೈಗೆತ್ತಿಕೊಂಡು ನಿಭಾಯಿಸಿದ ಹುಡುಗ, ಬೆಳಕು ನೋಡಿಕೊಂಡವರು, ಟಿಕೆಟ್ ಹಣ ವಾಪಸ್ ಕೇಳದೆ ಹೊಸ ತಾರೀಖಿಗೆ ಕಾದವರು, ರಕ್ತ ಕೊಟ್ಟ ಹಳೆಯ ವಿದ್ಯಾರ್ಥಿಗಳು, ದಿನಾ ಕ್ಯಾರಿಯರ್ ಕಳಿಸಿದ ನಮ್ಮ ಬೀದಿಯ ಮನೆಗಳು, ನಿಮಗೆಲ್ಲ ನನ್ನ ನಮಸ್ಕಾರ.

ಇನ್ನು ಉಳಿದದ್ದೆಲ್ಲ ನನ್ನ ವಾರಗಿತ್ತಿಗೆ.

ಸುದ್ದಿ ಮುಟ್ಟಿದ ಕೂಡಲೇ ಅಕ್ಕ ಕೆ.ಆರ್. ನಗರದಿಂದ ಸಿಕ್ಕಿದ ಬಸ್ಸು ಹತ್ತಿ ಬಂದರು. ಆ ರಾತ್ರಿ ಡಾಕ್ಟರು ‘ಬೆಳಗಾಗಲಿ, ನೋಡೋಣ’ ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಬೆಳಗಾಗುವುದು ಎಷ್ಟು ದೂರದ ಮಾತು ಎನ್ನುವುದು ಐಸಿಯು ಬಾಗಿಲಲ್ಲಿ ಕೂತವರಿಗೆ ಗೊತ್ತು. ಅಕ್ಕ ಧೈರ್ಯ ಹೇಳಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಸ್ಕ್ರಿಪ್ಟ್ ನೋಡಿ, ‘ಇಬ್ಬರೂ ಇಷ್ಟು ದಿನ ತಾಲೀಮು ಮಾಡ್ತಿದ್ರಲ್ಲ, ಅದೇನಾ ಇದು? ಯಾರ ಕಥೆ?’ ಎಂದರು. ನನ್ನಿಂದ ಓದಲು ಆಗುತ್ತಿಲ್ಲ ಎಂದೆ. ‘ಓದಬೇಡ. ಹೇಳು.’

ಅಕ್ಕ ಈ ಇಬ್ಬರ ಹೆಸರನ್ನೂ ಕೇಳಿದವರಲ್ಲ. ನ್ಯೂಯಾರ್ಕಿನ ಬಡ ಯಹೂದಿ ಕುಟುಂಬದ ಹುಡುಗ, ಹನ್ನೆರಡು ಮಕ್ಕಳ ಮನೆ, ಹಾಡು ಕುಣಿತ ಹಾಸ್ಯ ಎಂದು ಊರೂರು ಅಲೆಯುತ್ತಿದ್ದ ಎಂದು ಶುರು ಮಾಡಿದೆ. ಅವಳು ಸ್ಯಾನ್ ಫ್ರಾನ್ಸಿಸ್ಕೋದ ಐರಿಷ್ ಕ್ಯಾಥೊಲಿಕ್ ಹುಡುಗಿ. ಜೋಡಿ ಕಟ್ಟಿದಾಗ ನಗಿಸುವ ಮಾತುಗಳನ್ನೆಲ್ಲ ಜಾರ್ಜ್ ತನಗೇ ಬರೆದುಕೊಂಡಿದ್ದ, ಬರೀ ಪ್ರಶ್ನೆ ಕೇಳುವ ಕೆಲಸ ಗ್ರೇಸಿಯದು. ಜನ ನಕ್ಕದ್ದು ಮಾತ್ರ ಅವಳ ಪ್ರಶ್ನೆಗಳಿಗೆ! ಅವನು ಕೊಸರಾಡಲಿಲ್ಲ. ನಗುವಿನ ಮಾತನ್ನೆಲ್ಲ ಅವಳಿಗೆ ಕೊಟ್ಟು, ಪ್ರಶ್ನೆ ಕೇಳುವ ಜಾಗಕ್ಕೆ ತಾನು ಸರಿದ.

‘ಆಮೇಲೆ?’

1926ರ ಜನವರಿ 7ರಂದು ಕ್ಲೀವ್‌ಲ್ಯಾಂಡಿನಲ್ಲಿ ಮದುವೆಯಾದರು.

‘ಅವನದೊಂದು ಧರ್ಮ, ಅವಳದೊಂದು. ಮಕ್ಕಳನ್ನ ಯಾವುದರಲ್ಲಿ ಬೆಳೆಸಿದ್ರು?’

ಮಕ್ಕಳಾಗಲಿಲ್ಲ ಅಕ್ಕ, ಎರಡು ಮಕ್ಕಳನ್ನು ದತ್ತು ತೆಗೆದುಕೊಂಡರು. ಸಾಂಡ್ರಾ, ರಾನಿ. ಇಬ್ಬರೂ ತಾಯಿಯ ಧರ್ಮದಲ್ಲೇ ಬೆಳೆದರು. ಮಗ ದೊಡ್ಡವನಾದ ಮೇಲೆ ಅಪ್ಪ ಅಮ್ಮನ ಟಿವಿ ಕಾರ್ಯಕ್ರಮದಲ್ಲಿ ಅವರ ಮಗನಾಗಿಯೇ ಕಾಣಿಸಿಕೊಂಡ. ವೇದಿಕೆಯಲ್ಲಿ ಗ್ರೇಸಿ ಪೆದ್ದಿ, ಅವಳ ತರ್ಕ ಅವಳಿಗೊಬ್ಬಳಿಗೇ ಅರ್ಥ. ಮನೆಯಲ್ಲಿ ಹಾಗಲ್ಲ. ಪುಟಗಟ್ಟಲೆ ಅಸಂಬದ್ಧ ಮಾತನ್ನು ಒಂದಕ್ಷರ ಆಚೀಚೆ ಆಗದಂತೆ ಬಾಯಿಪಾಠ ಮಾಡಿ ಒಪ್ಪಿಸಬೇಕು, ಅದೂ ತಲೆ ಸಿಡಿಯುವ ಮೈಗ್ರೇನ್ ಇಟ್ಟುಕೊಂಡು. ಮೊದಲು ನಾಟಕದ ವೇದಿಕೆ, ಆಮೇಲೆ ರೇಡಿಯೊ, 1950ರಿಂದ ಟಿವಿ.

‘ಅಷ್ಟು ಹೊತ್ತು ಅವನೇನು ಮಾಡ್ತಿದ್ದ?’

ಸಿಗಾರ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ, ಅಕ್ಕ. ಅವಳು ಒಂದು ಮಾತು ಮುಗಿಸುವುದನ್ನೇ ಕಾದು ಮುಂದಿನ ಪ್ರಶ್ನೆ ಕೇಳುತ್ತಿದ್ದ.

ಇದನ್ನು ಹೇಳುತ್ತಿದ್ದಾಗಲೇ ನನಗೆ ಹೊಳೆಯಿತು, ಅಕ್ಕ ಸಂಜೆಯಿಂದ ಮಾಡುತ್ತಿರುವುದೂ ಅದನ್ನೇ. ನಾನು ಮಾತು ನಿಲ್ಲಿಸಿದರೆ ಆ ಬಾಗಿಲ ಕಡೆ ನೋಡುತ್ತೇನೆ, ನೋಡಿದರೆ ಕುಸಿಯುತ್ತೇನೆ ಎಂದು ಅವರಿಗೆ ತಿಳಿದಿತ್ತು. ನನಗೋ, ಈ ಕಥೆ ನಿಂತುಬಿಟ್ಟರೆ ಒಳಗೆ ಇವರ ಉಸಿರೂ ನಿಂತೀತು ಎನ್ನುವ ಭಯ. ನಗಬೇಡಿ, ಆ ಹೊತ್ತಿನಲ್ಲಿ ಅದು ನನಗೆ ಅಕ್ಷರಶಃ ನಿಜವಾಗಿತ್ತು.

‘ಆಮೇಲೆ?’

1958ರಲ್ಲಿ ಅವಳು ಕೆಲಸ ಬಿಟ್ಟಳು.

‘ಅಷ್ಟು ಚೆನ್ನಾಗಿ ನಡೀತಿರುವಾಗ ಯಾಕೆ?’

ಹೃದಯದ ತೊಂದರೆ, ಎಂದೆ. ಮುಂದಕ್ಕೆ ನಾಲಿಗೆ ಏಳಲಿಲ್ಲ. ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಎಂದು ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು, ‘ಮದುವೆದು ಸರಿಯಾಗಿ ಹೇಳಲೇ ಇಲ್ಲ ನೀನು. ಅವನು ಕೇಳಿದ್ದಾ, ಅವಳು ಕೇಳಿದ್ದಾ? ಮೊದಲಿಂದ ಹೇಳು’ ಎಂದರು.

ಕೇಳಿದ್ದು ಅವನು. ಅವಳಿಗೆ ಆಗಲೇ ಇನ್ನೊಬ್ಬ ಕಲಾವಿದನ ಜೊತೆ ಮದುವೆಯ ಮಾತಾಗಿತ್ತು. ಅದು ಹೇಗೆ ತಪ್ಪಿ ಇವನು ಗೆದ್ದ ಎನ್ನುವುದನ್ನು ಎಷ್ಟು ವಿವರವಾಗಿ ಹೇಳಿದೆನೋ! ಅಲ್ಲಿಂದ ಮತ್ತೆ ಮಕ್ಕಳು, ಮತ್ತೆ ರೇಡಿಯೊ. 1958 ಹತ್ತಿರ ಬಂದಾಗಲೆಲ್ಲ ಅಕ್ಕ ನನ್ನನ್ನು ಹಿಂದಕ್ಕೆ ತಿರುಗಿಸಿದರು. ನರ್ಸ್ ಬಂದು ಒಬ್ಬರು ಒಳಗೆ ಬಂದು ನೋಡಬಹುದು ಎಂದಾಗ ಕಿಟಕಿಯಾಚೆ ಹಾಲಿನ ವ್ಯಾನು ಬಂದಿತ್ತು.

ಅಕ್ಕ, ಆ ರಾತ್ರಿ ನೀವು ಕೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ, ಈಗ ಹೇಳಬಲ್ಲೆ. ಗ್ರೇಸಿ 1964ರ ಆಗಸ್ಟ್ 27ರಂದು ತೀರಿಕೊಂಡಳು. ಜಾರ್ಜ್‌ಗೆ ನಿದ್ದೆಯೇ ಹತ್ತದಾಯಿತು. ಅವರ ಕೋಣೆಯಲ್ಲಿ ಎರಡು ಮಂಚಗಳಿದ್ದವು, ಒಂದು ರಾತ್ರಿ ತನ್ನದನ್ನು ಬಿಟ್ಟು ಅವಳ ಮಂಚದಲ್ಲಿ ಮಲಗಿದ. ನಿದ್ದೆ ಬಂತು. ಸ್ಕ್ರಿಪ್ಟ್ ಬರೆಯುವಾಗ ಈ ಭಾಗ ನನಗೆ ಚೆಂದದ ಒಂದು ಸನ್ನಿವೇಶ, ಅಷ್ಟೇ. ಭಾನುವಾರ ಗ್ರೇಸಿಯ ಕುರ್ಚಿಯಲ್ಲಿ ಕೂತು ಆ ಸಾಲು ಕೇಳಿದಾಗ, ಇವರು ಇಲ್ಲದ ಮನೆಗೆ ಬಟ್ಟೆ ಒಯ್ಯಲು ಬಂದು ಖಾಲಿ ಹಾಸಿಗೆಯ ಮೇಲೆ ಕೂತ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಗಂಟಲು ಬಿಗಿಯಿತು. ಹುಡುಗ ತನ್ನ ಮುಂದಿನ ಮಾತು ತಡೆದು ಕಾದ. ಪ್ರೇಕ್ಷಕರೂ ಕಾದರು, ಅದಕ್ಕೂ ನಿಮಗೆಲ್ಲ ಋಣಿ.

ಗ್ಲೆಂಡೇಲ್‌ನಲ್ಲಿ ಅವಳ ಸಮಾಧಿ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ತನ್ನ ಸುದ್ದಿಯನ್ನೆಲ್ಲ ಅವಳಿಗೆ ಹೇಳಿ ಬರುತ್ತಿದ್ದ. ಎಂಬತ್ತರ ವಯಸ್ಸಿನಲ್ಲಿ ಸಿನಿಮಾ ನಟನೆಗೆ ಆಸ್ಕರ್ ಬಂತು. ಆ ಪಾತ್ರವೂ ಮೊದಲು ಅವನದಲ್ಲ, ಜೀವದ ಗೆಳೆಯ ಜ್ಯಾಕ್ ಬೆನ್ನಿ ಮಾಡಬೇಕಿದ್ದದ್ದು. ಬೆನ್ನಿ ತೀರಿಕೊಂಡ ಮೇಲೆ ಇವನಿಗೆ ಬಂತು. ನೂರು ತುಂಬಿಸಿ, 1996ರ ಮಾರ್ಚ್‌ನಲ್ಲಿ ಹೋದ. ಇಬ್ಬರ ಸಮಾಧಿಗೂ ಒಂದೇ ಫಲಕ. ಅದರಲ್ಲಿ ಅವಳ ಹೆಸರು ಮೊದಲು, ಇವನದು ಆಮೇಲೆ. ಅವನಿಗೆ ಅದು ಹಾಗೇ ಬೇಕಿತ್ತು.

ಇದನ್ನೆಲ್ಲ ನೀವು ಭಾನುವಾರವೇ ಕೇಳಬೇಕಿತ್ತು. ಆದರೆ ಇವರನ್ನು ಒಬ್ಬರೇ ಬಿಡುವುದು ಬೇಡ ಎಂದು ಮನೆಯಲ್ಲೇ ಉಳಿದಿರಿ. ನಾನು ಬಂದಾಗ ಇವರಿಗೆ ಊಟವಾಗಿತ್ತು, ಮಾತ್ರೆಯೂ ಆಗಿತ್ತು, ನನಗೆ ಬಿಸಿನೀರು ಕಾದಿತ್ತು. ‘ಜನ ನಕ್ಕರಾ?’ ಎಂದು ಮಾತ್ರ ಕೇಳಿದಿರಿ. ನಕ್ಕರು ಅಕ್ಕ, ತುಂಬಾ ನಕ್ಕರು.

ಮುಂದಿನ ಪ್ರದರ್ಶನ ಕೆ.ಆರ್. ನಗರದಲ್ಲೇ ಆಗಬೇಕು ಎಂದು ಇವರ ಹಠ. ಡಾಕ್ಟರು ಒಪ್ಪಿದರೆ ಜಾರ್ಜ್‌ನ ಅರ್ಧ ಭಾಗ ಇವರು ಓದುತ್ತಾರೆ, ಉಳಿದರ್ಧ ಹುಡುಗ. ಬೆಂಗಳೂರಿಗೂ ಬನ್ನಿ ಎಂದು ಕರೆದ ಗೆಳೆಯರೇ, ಖಂಡಿತ ಬರುತ್ತೇವೆ. ಮೊದಲು ಅಕ್ಕನ ಊರು.