ಸೀನನಿಗೆ, ಖಾರ ಬನ್ನಿನ ವಿಚಾರವಾಗಿ

ಲೋ ಸೀನ,

ಹೋದ ವಾರ ನೀನು ನಾಲ್ಕು ಜನ ಓದುವ ಕಡೆ ಕೇಳಿದೆ. ಹಾಗಾಗಿ ನಾನೂ ನಾಲ್ಕು ಜನ ಓದುವ ಕಡೆಯೇ ಉತ್ತರ ಕೊಡುತ್ತಿದ್ದೇನೆ. ಮಾನ ಹೋದರೆ ಇಬ್ಬರದ್ದೂ ಹೋಗಲಿ.

ನಿನ್ನ ಪ್ರಶ್ನೆ ಇದು: "ಬೇಕರಿ ಪಂಡಿತರೇ, ನಿಮ್ಮ ಪಟ್ಟಿಯಲ್ಲಿ ಪ್ರತಿ ಸಲ ಖಾರ ಬನ್ನೇ ಯಾಕೆ ಗೆಲ್ಲುತ್ತೆ? ಮೆಣಸಿನಕಾಯಿ ಮಂಡಿಯವರು ಕಮಿಷನ್ ಕೊಡ್ತಾರಾ?" ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿಯುವ ಮುಖವೊಂದನ್ನು ಹಾಕಿ ಸುಮ್ಮನಾದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಕೇಳಿದ ಪಟ್ಟಿ. ದಸರಾ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿನಿಂದ ಬರುತ್ತೀಯಂತೆ, ಅವರಿಗೆ 'ನಮ್ಮ ಕಾಲದ ಬೇಕರಿ' ತೋರಿಸಬೇಕಂತೆ. ಅರ್ಧ ಬನ್ನಿನ ಲೆಕ್ಕ ಇನ್ನೂ ಬಾಕಿ ಇದೆ ಅನ್ನುವುದನ್ನೂ ಮಕ್ಕಳಿಗೆ ಹೇಳು.

ನಿನಗೋಸ್ಕರ ಹದಿನೈದು ದಿನ ನಮ್ಮ ತುಮಕೂರೆಲ್ಲ ಸುತ್ತಿದೆ ಕಣೋ. ಬಟವಾಡಿಯಿಂದ ಗುಬ್ಬಿ ಗೇಟಿನ ತನಕ ಬಿ.ಎಚ್. ರೋಡು, ಎಂ.ಜಿ. ರೋಡು, ಎಸ್.ಎಸ್. ಪುರಂ, ಅಶೋಕ ರಸ್ತೆ. ಬಿ.ಎಚ್. ಅಂದರೆ ಬೆಂಗಳೂರು-ಹೊನ್ನಾವರ ಅಂತ ನಾನು ಎಷ್ಟು ಸಲ ಹೇಳಿದರೂ ನೀನು 'ಬೇಕರಿ-ಹೋಟೆಲ್ ರೋಡು' ಅಂತಿದ್ದೆಯಲ್ಲ, ಈಗ ನೋಡಿದರೆ ನೀನೇ ಸರಿ. ಇಪ್ಪತ್ತು ಹೆಜ್ಜೆಗೊಂದು ಬೇಕರಿ. ಮುಂದೆ ಎರಡೋ ಮೂರೋ ಇಂಗ್ಲಿಷ್ ಅಕ್ಷರ, ಹಿಂದೆ 'ಅಯ್ಯಂಗಾರ್ ಬೇಕರಿ'. ಒಳಗೆ ಯಾರಿದ್ದಾರೋ ಆ ಪೆರುಮಾಳನಿಗೇ ಗೊತ್ತು. ಹಾಸನದ ಕಡೆಯಿಂದ ಬಂದವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಮೊದಲ ಅಂಗಡಿ ತೆಗೆದಾಗ, ಆ ಹೆಸರು ಮುಂದೆ ಬ್ರೆಡ್ಡಿಗೇ ಅಂಟಿಕೊಳ್ಳುತ್ತದೆ ಅಂತ ಅವರಿಗೂ ಅನಿಸಿರಲಿಕ್ಕಿಲ್ಲ. ಈಗ ಅದೇ ಬೋರ್ಡಿನ ಕೆಳಗೆ ಎಗ್ ಪಫ್ಸ್ ಕೂಡ ಸಿಗುತ್ತದೆ. ನಾನು ತಿಂದೆ. ತಪ್ಪೇನಿಲ್ಲ, ಬಿಡು.

ಪಫ್ಸಿನ ವಿಚಾರ ಬಂತಲ್ಲ, ಅದರಿಂದಲೇ ಶುರು ಮಾಡೋಣ. ಕೈಯಲ್ಲಿ ಹಿಡಿದಾಗ ಅದು ಕಾಣುವುದಕ್ಕಿಂತ ಹಗುರ ಇರಬೇಕು. ಮುರಿದರೆ ಒಣ ಎಲೆ ತುಳಿದ ಸದ್ದು ಬರಬೇಕು, ಅಂಗಿಯ ಮೇಲೆಲ್ಲ ಉದುರಬೇಕು. ಕೊಟ್ಟ ಪೇಪರ್ ತುಂಡನ್ನು ಬಿಸಾಡಬೇಡ, ಬೆಳಕಿಗೆ ಹಿಡಿದು ನೋಡು. ಪೇಪರಿನ ಆ ಕಡೆಯ ರಸ್ತೆ ಕಾಣುವಷ್ಟು ಜಿಡ್ಡಾಗಿದ್ದರೆ ಆ ಅಂಗಡಿಗೆ ಎರಡನೇ ಸಲ ಹೋಗಬೇಡ. ಇನ್ನು ಅಂಗುಳು. ಬೆಣ್ಣೆ ಮೈಬಿಸಿಗೇ ಕರಗಿಹೋಗುತ್ತದೆ. ವನಸ್ಪತಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಟೀ ಕುಡಿದ ಮೇಲೂ ಅಂಗುಳಿಗೆ ಮೇಣ ಬಳಿದ ಹಾಗೆ ಕೂತಿರುತ್ತದೆ. ವನಸ್ಪತಿಯಂಥದ್ದರಲ್ಲಿರುವ ಟ್ರಾನ್ಸ್ ಫ್ಯಾಟ್ ಅನ್ನುವ ಕೆಟ್ಟ ಕೊಬ್ಬು ನೂರಕ್ಕೆ 2ಕ್ಕಿಂತ ಜಾಸ್ತಿ ಇರಬಾರದು ಅಂತ 2022ರ ಜನವರಿಯಿಂದ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಅಂಗುಳಿನ ಮೇಣ ಹೋಗಿಲ್ಲ. ಈ ಸಲ ನಾನು ತಿಂದ ಹನ್ನೊಂದು ಪಫ್ಸಿನಲ್ಲಿ ಎರಡು ಮಾತ್ರ ಬಾಯಲ್ಲಿ ಮೇಣ ಬಿಡಲಿಲ್ಲ. ಎರಡೂ ಸಣ್ಣ ಅಂಗಡಿಗಳು. ಎರಡರಲ್ಲೂ ಕೂರಲು ಜಾಗವಿಲ್ಲ.

ಬ್ರೆಡ್ಡಿಗೆ ಹೆಬ್ಬೆರಳು ಸಾಕು. ಒತ್ತಿ ಬಿಟ್ಟರೆ ಮೆಲ್ಲಗೆ ಮೇಲೆ ಬರಬೇಕು. ಗುಳಿ ಬಿದ್ದಲ್ಲೇ ಉಳಿದರೆ ಒಳಗೆ ಸರಿಯಾಗಿ ಬೆಂದಿಲ್ಲ, ಅದು ಹಲ್ಲಿನ ಸಂದಿಗೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಸ್ಪಂಜಿನ ಹಾಗೆ ಚಟ್ಟನೆ ಪುಟಿದರೂ ನನಗೆ ಅನುಮಾನವೇ. ಬ್ರೆಡ್ಡು ಚೆನ್ನಾಗಿ ಉಬ್ಬಲಿ ಅಂತ ಹಿಟ್ಟಿಗೆ ಪೊಟ್ಯಾಸಿಯಂ ಬ್ರೋಮೇಟ್ ಹಾಕುತ್ತಿದ್ದರಲ್ಲ, ಅದನ್ನು 2016ರಲ್ಲಿ ಸರ್ಕಾರ ನಿಷೇಧ ಮಾಡಿತು. ಆ ವರ್ಷ ನಮ್ಮಮ್ಮ ಎರಡು ತಿಂಗಳು ಮನೆಗೆ ಬ್ರೆಡ್ಡೇ ತರಿಸಲಿಲ್ಲ. ಮೂರನೇ ತಿಂಗಳು ಜ್ವರ ಬಂತು, ಅವಳೇ "ಒಂದು ಬ್ರೆಡ್ ತಗೊಂಡು ಬಾರೋ" ಅಂದಳು.

ಹನಿ ಕೇಕಿನಲ್ಲಿ ಜೇನು ಇರುವುದಿಲ್ಲ ಅಂತ ನಿನ್ನ ಮಕ್ಕಳಿಗೆ ಮೊದಲೇ ಹೇಳಬೇಡ, ಪಾಪ. ಅದು ಹೆಚ್ಚಾಗಿ ಸಕ್ಕರೆ ಪಾಕ. ಪಾಕ ಕೇಕಿನ ತಳದವರೆಗೂ ಇಳಿದಿದೆಯಾ ಅಂತ ಪಕ್ಕದಿಂದ ನೋಡು. ಮೇಲೆ ಜಾಮು, ಅದರ ಮೇಲೆ ಕೊಬ್ಬರಿ. ಕೊಬ್ಬರಿ ಒಣಗಿ ಬಿಳೀ ಮರಳಿನ ಹಾಗಿದ್ದರೆ ಅದು ನಿನ್ನೆಯದು. ದಿಲ್‌ಪಸಂದಿನಲ್ಲಿ ಕೊಬ್ಬರಿಗಿಂತ ಟೂಟಿ ಫ್ರೂಟಿ ಜಾಸ್ತಿಯಾಗಿದೆ ಈಗ. ಟೂಟಿ ಫ್ರೂಟಿ ಅಂದರೆ ಬಣ್ಣ ಬಳಿದುಕೊಂಡ ಪರಂಗಿಕಾಯಿ ಅಂತ ಗೊತ್ತಾದ ದಿನ ನೀನು ಅಳುವುದೊಂದು ಬಾಕಿ ಇತ್ತು.

ಹೊಸ ಪೇಸ್ಟ್ರಿ ಅಂಗಡಿಗಳನ್ನೂ ಬಿಡಲಿಲ್ಲ. ಎಸಿ, ಗಾಜು, ಹಳದಿ ಲೈಟು. ಹುಡುಗಿಯೊಬ್ಬಳು ಕೈಗವಸು ಹಾಕಿಕೊಂಡು ಆಪರೇಷನ್ ಮಾಡುವ ಹಾಗೆ ಒಂದು ತುಂಡು ಎತ್ತಿ ಕೊಡುತ್ತಾಳೆ. ಆ ಬಿಳೀ ಕ್ರೀಮಿಗೂ ಹಸುವಿಗೂ ಬಹಳ ಕಡೆ ಸಂಬಂಧವೇ ಇಲ್ಲ, ಎಣ್ಣೆಯಿಂದ ಮಾಡಿದ್ದು. ಅದಕ್ಕೇ ಏಪ್ರಿಲ್ ಬಿಸಿಲಿನಲ್ಲಿ ಕ್ಯಾತ್ಸಂದ್ರದವರೆಗೆ ಸ್ಕೂಟರಿನಲ್ಲಿ ಹೋದರೂ ಗುಲಾಬಿ ಹೂವು ಗುಲಾಬಿ ಹೂವಾಗಿಯೇ ಇರುತ್ತದೆ. ಬ್ಲಾಕ್ ಫಾರೆಸ್ಟಿನ ಮೇಲೆ ಕೂತಿರುವ ಕೆಂಪು ಚೆರ್ರಿ ಇದೆಯಲ್ಲ? ಅದು ಎಷ್ಟೋ ಕಡೆ ನಮ್ಮ ಕವಳೆಕಾಯಿ ಕಣೋ! ದೇವರಾಯನದುರ್ಗದಲ್ಲಿ ಮುಳ್ಳು ಚುಚ್ಚಿಸಿಕೊಂಡು ಕಿತ್ತು, ಉಪ್ಪು ಹಚ್ಚಿ ತಿಂದು, ನಿನ್ನ ಬಿಳೀ ಅಂಗಿ ಹಾಳಾಗಿ, ಸ್ಕೂಟರ್ ಮೇಷ್ಟ್ರ ಕೈಲಿ ಸಿಕ್ಕಿಬಿದ್ದೆವಲ್ಲ, ಅದೇ. ಸಕ್ಕರೆ ಪಾಕದಲ್ಲಿ ಮುಳುಗಿ, ಬಣ್ಣ ಬಳಿಸಿಕೊಂಡು, ಎಸಿಯಲ್ಲಿ ಕೂತಿದೆ. ನೋಡಿದ ತಕ್ಷಣ ನಿನ್ನ ನೆನಪಾಯಿತು. ಹೈದರಾಬಾದು, ಎಸಿ, ಇತ್ಯಾದಿ.

ಕೊನೆಗೆ ಖಾರ ಬನ್ನು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಒಂದೊಂದು ಕಡೆ ಸಬ್ಬಸಿಗೆ ಸೊಪ್ಪು. ಮೊದಲ ಬಹುಮಾನ, ಎಂದಿನಂತೆ.

ಈಗ ನಿನ್ನ ಪ್ರಶ್ನೆಗೆ ಬರಬೇಕು. ಇಲ್ಲಿಯವರೆಗೆ ಬರೆದದ್ದನ್ನು ಇನ್ನೊಂದು ಸಲ ಓದು. ತೂಕ ಹೇಳಿದೆ. ಸದ್ದು ಹೇಳಿದೆ. ಪೇಪರಿನ ಜಿಡ್ಡು, ಹೆಬ್ಬೆರಳು, ಬಣ್ಣ, ಮೇಣ ಎಲ್ಲ ಹೇಳಿದೆ. ಒಂದೇ ಒಂದು ಕಡೆ ಘಮ ಅನ್ನುವ ಮಾತು ಬಂತಾ?

ನನಗೆ ವಾಸನೆ ಗೊತ್ತಾಗುವುದಿಲ್ಲ ಸೀನ. 2021ರ ಮೇ ತಿಂಗಳಿಂದ.

ಆಗ ಮನೆಮಂದಿಗೆಲ್ಲ ಕೋವಿಡ್ ಬಂದಿತ್ತಲ್ಲ. ಎಲ್ಲರಿಗೂ ಮೂಗು ಹೋಯಿತು, ಎಲ್ಲರಿಗೂ ವಾಪಸ್ ಬಂತು. ನನಗೂ ಬಂತು ಅಂತ ಹೇಳಿದೆ. ಮೊದಲು ಕಾಫಿ ಸುಟ್ಟ ಟೈರಿನ ಹಾಗೆ ಬರುತ್ತಿತ್ತು, ಆಮೇಲೆ ಅದೂ ನಿಂತುಹೋಯಿತು. ಡಾಕ್ಟರು ನಾಲ್ಕು ಸೀಸೆ ಬರೆದುಕೊಟ್ಟರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆ ಎರಡು ಸಲ ಒಂದೊಂದನ್ನೇ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು, ತಿಂಗಳುಗಟ್ಟಲೆ ಮಾಡಬೇಕು. ಮೂಗಿಗೆ ಅಆಇಈ ಕಲಿಸುವ ಹಾಗೆ. ನಾನು ಮೂರು ವಾರ ಮಾಡಿ ಬಿಟ್ಟೆ. ಸೀಸೆಗಳು ಆಫೀಸಿನ ಡ್ರಾದಲ್ಲಿವೆ. ನಮ್ಮ ಜವಾನ ಅದನ್ನು ನಾನು ಸಂಜೆ ಮಾಡುವ ಪೂಜೆಯ ಸಾಮಾನು ಅಂದುಕೊಂಡಿದ್ದಾನೆ.

ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತದೆ. ಬೆಣ್ಣೆ, ಏಲಕ್ಕಿ, ವೆನಿಲ್ಲಾ, ಬೆಂದ ಹಿಟ್ಟು, ಇವೆಲ್ಲ ಮೂಗಿನ ಕೆಲಸವಂತೆ. ಖಾರ ಮಾತ್ರ ನಾಲಿಗೆಯ ರುಚಿಯೂ ಅಲ್ಲ, ಮೂಗಿನ ವಾಸನೆಯೂ ಅಲ್ಲ. ಅದು ಉರಿ. ನೋವಿನ ಲೆಕ್ಕ. ಅದಕ್ಕೆ ಬೇರೆ ನರ ಇದೆ, ಆ ನರಕ್ಕೆ ಏನೂ ಆಗಿಲ್ಲ. ಇಡೀ ಬೇಕರಿಯಲ್ಲಿ ನನ್ನ ಹತ್ತಿರ ಪೂರ್ತಿಯಾಗಿ ಬಂದು ಮಾತಾಡಿಸುವುದು ಖಾರ ಬನ್ನು ಒಂದೇ. ಅದು ಗೆಲ್ಲದೆ ಇನ್ಯಾರು ಗೆಲ್ಲಬೇಕು?

ಇದನ್ನು ಹೇಳಬೇಕು ಅಂತ ಇರಲಿಲ್ಲ. ನಿಜವಾಗಿ ನಾನು ಬರೆಯಲು ಕೂತಿದ್ದು ಬೆಣ್ಣೆ ಬಿಸ್ಕತ್ತಿನ ಬಗ್ಗೆ. ಹೋದ ತಿಂಗಳು ಒಂದು ಅಂಗಡಿಯಿಂದ, ಹೆಸರು ಬೇಡ, ಅರ್ಧ ಕೆಜಿ ತಂದೆ. ಮುರಿದರೆ ಪುಡಿಪುಡಿ, ಸಿಹಿ ಹದವಾಗಿದೆ, ಬಣ್ಣ ಚೆನ್ನಾಗಿದೆ. ಹತ್ತಕ್ಕೆ ಒಂಬತ್ತು ಕೊಟ್ಟೆ, ಬರೆದೂ ಹಾಕಿದೆ. ಆ ಸಂಜೆ ಭಾವ ಬಂದಿದ್ದರು, ತಟ್ಟೆಗೆ ಹಾಕಿ ಕೊಟ್ಟೆ. ಭಾವ ಒಂದು ತಿಂದು ನೀರು ಕೇಳಿದರು. ಮಗಳು ಬಾಯಿಗಿಟ್ಟವಳೇ ಸಿಂಕಿನ ಕಡೆ ಓಡಿದಳು. "ಅಪ್ಪಾ, ಹಳೇ ಎಣ್ಣೆ ವಾಸನೆ! ನಿಂಗೆ ಬರ್ಲಿಲ್ವಾ?" ನಾನು, "ಹೌದಲ್ಲ, ಛೇ, ಈಗ ಬಂತು ನೋಡು" ಅಂದೆ. ಮೂಸಿದ ಹಾಗೆ ಮಾಡಿದೆ, ಮುಖ ಹಿಂಡಿದೆ. ಹನ್ನೊಂದು ವರ್ಷದ ಹುಡುಗಿ ನನ್ನನ್ನೇ ನೋಡುತ್ತಾ ನಿಂತಿದ್ದಳು. ಆ ನೋಟ ನನಗೆ ಇನ್ನೂ ಸರಿಹೋಗಿಲ್ಲ.

ನೀನು ಕಳಿಸಿದ ಉಸ್ಮಾನಿಯಾ ಬಿಸ್ಕತ್ತಿಗೆ 'ಅದ್ಭುತ' ಅಂತ ಬರೆದಿದ್ದೆ. ಉಪ್ಪೂ ಸಿಹಿಯೂ ಗೊತ್ತಾಯಿತು, ಅಷ್ಟೇ. ಕ್ಷಮಿಸು.

ಸಂಜೆ ನಾಲ್ಕಕ್ಕೆ ಜೂನಿಯರ್ ಕಾಲೇಜು ಫೀಲ್ಡಿನಲ್ಲಿ ಕೂತು, ಗಾಳಿ ಬಂದ ಕಡೆ ಮುಖ ಮಾಡಿ, "ಈಗ ಬ್ರೆಡ್ ತೆಗೆದ್ರು", "ಇಲ್ಲ ಕಣೋ, ಬನ್ನು" ಅಂತ ನಾವಿಬ್ಬರೂ ಪಂದ್ಯ ಕಟ್ಟುತ್ತಿದ್ದೆವಲ್ಲ. ಜಾಸ್ತಿ ಗೆಲ್ಲುತ್ತಿದ್ದವನು ನಾನು. ಮೊನ್ನೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹೋಗಿ ನಿಂತೆ. ಬಸ್ಸಿನ ಹಾರ್ನು ಬಂತು. ಹುಡುಗರ ಕ್ರಿಕೆಟ್ಟಿನ ಕೂಗಾಟ ಬಂತು. ಐದು ನಿಮಿಷ ಹೀಗೆ ಮೂಗೆತ್ತಿಕೊಂಡು ನಿಂತಿದ್ದೆ. ಯಾರೋ ಬಂದು "ಸಾರ್, ಯಾರನ್ನ ಹುಡುಕ್ತಾ ಇದ್ದೀರಾ?" ಅಂದರು.

ಸಾಕು. ಮೂಗು ಹೋದವನ ಗೋಳು ಜಾಸ್ತಿಯಾಯಿತು. ಲಾಭವೂ ಇದೆ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ನಾನು ರಾಜನ ಹಾಗೆ ಹೋಗಿಬರುತ್ತೇನೆ. ಮನೆಯಲ್ಲೂ ಭಾರೀ ಒಳ್ಳೆಯ ಹೆಸರು. ಮೊದಲು ಸಾರಿಗೆ ಒಗ್ಗರಣೆ ಸೀದಿದೆ, ಹುಳಿಗೆ ಪುಡಿ ಹಳೆಯದು ಅಂತ ತಗಾದೆ ತೆಗೆಯುತ್ತಿದ್ದವನು ಈಗ ಏನು ಬಡಿಸಿದರೂ "ಚೆನ್ನಾಗಿದೆ" ಅನ್ನುತ್ತೇನೆ. ನಮ್ಮವಳು ಅವಳ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಇವರು ಈಗ ಎಷ್ಟೋ ವಾಸಿ ಕಣೇ, ಊಟಕ್ಕೆ ತಕರಾರೇ ಇಲ್ಲ." ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ಸರಿಹೋದ ಅಂತ ಅವಳು ಖುಷಿಯಾಗಿರುವಾಗ, ಸರಿಹೋಗಿಲ್ಲ ಕಣೇ, ಕೆಟ್ಟುಹೋಗಿದ್ದೇನೆ ಅಂತ ಹೇಗೆ ಹೇಳಲಿ?

ನನ್ನ ಪಟ್ಟಿ ನಂಬಿ ಬಿಸ್ಕತ್ತು ತಂದವರೆಲ್ಲ ದಯವಿಟ್ಟು ಸರದಿಯಲ್ಲಿ ಬನ್ನಿ. ದುಡ್ಡು ವಾಪಸ್ಸಿಲ್ಲ. ಒಂದೊಂದು ಖಾರ ಬನ್ನು ಕೊಡಿಸುತ್ತೇನೆ.

ನೀನು ಬಾ ದಸರಾಕ್ಕೆ. ಆ ಎರಡು ಸಣ್ಣ ಅಂಗಡಿಗಳಿಗೂ ಕರೆದುಕೊಂಡು ಹೋಗುತ್ತೇನೆ. ನೀನು ಮೂಸಿ ಹೇಳು, ನಾನು ಒತ್ತಿ ಹೇಳುತ್ತೇನೆ, ನಿನ್ನ ಮಕ್ಕಳು ನಂಬರ್ ಹಾಕಲಿ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಆಗಬಹುದೇನೋ, ಪಿಯುಸಿ ಕೆಮಿಸ್ಟ್ರಿಯಲ್ಲಿ ಆದ ಹಾಗೆ.

ಇದನ್ನು ಹಾಕುವುದೋ ಬೇಡವೋ ಅಂತ ನೋಡುತ್ತಾ ಕೂತಿದ್ದೆ. ಈಗಷ್ಟೇ ಅಡುಗೆಮನೆಯಿಂದ ಅವಳು ಕೂಗಿ ಕೇಳಿದಳು:

"ರೀ, ರಾತ್ರಿ ಸಾರಿಗೆ ಇಂಗು ಜಾಸ್ತಿಯಾಗಿತ್ತಾ?"

"ಇಲ್ಲ ಇಲ್ಲ, ಹದವಾಗಿತ್ತು" ಅಂದೆ.

"ಹಾಕೇ ಇರಲಿಲ್ಲ" ಅಂದಳು.

ಒಳಗೆ ಹೋಗಬೇಕು ಕಣೋ. ಆಮೇಲೆ ಫೋನ್ ಮಾಡುತ್ತೇನೆ.

ನಿನ್ನ,
ಗುಂಡ